ಕಂಬಿಯ ತುದಿಗೆ ನಿಂಬೆಹಣ್ಣು

ನಮ್ಮ ಕೊಳ್ಳೇಗಾಲದಲ್ಲಿ ರೈಲು ಬಿಡುವವರಿಗೇನೂ ಬರವಿಲ್ಲ, ರೈಲು ಮಾತ್ರ ಇಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದಾಗಲೇ ಸರ್ವೆ ಮುಗಿದಿದೆ ಎನ್ನುತ್ತಿದ್ದರು. ಈಗಲೂ ಎಲೆಕ್ಷನ್ ಹತ್ತಿರ ಬಂದರೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗಳಿಂದ ರೈಲು ಹೊರಡುತ್ತದೆ, ಮತ ಎಣಿಕೆಯ ದಿನ ಕೆಟ್ಟು ನಿಲ್ಲುತ್ತದೆ. ಇಂಥ ಊರಲ್ಲಿ ಹುಟ್ಟಿದ ನನ್ನ ಮಗಳಿಗೆ ರೈಲಿನ ಹುಚ್ಚು ಎಲ್ಲಿಂದ ಹಿಡಿಯಿತು ಎನ್ನುವುದು ನಮ್ಮ ಮನೆಯೊಳಗೆ ಬಹಳ ವರ್ಷ ಇತ್ಯರ್ಥವಾಗದ ಮೊಕದ್ದಮೆಯಾಗಿತ್ತು.

ಹುಚ್ಚು ಅಂದರೆ ಹುಚ್ಚೇ. ಕುಂತೂರಿನ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರು ಎರಡು ಟ್ರೈಲರು ಎಳೆದುಕೊಂಡು ಹೋದರೆ ಅದನ್ನೇ ಗೂಡ್ಸ್ ಗಾಡಿ ಅನ್ನುತ್ತಿದ್ದಳು. ಬೇರೆ ಮಕ್ಕಳು ಹಬ್ಬಕ್ಕೆ ಹೊಸ ಬಟ್ಟೆ ಕೇಳಿದರೆ, ಇವಳು ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ರೈಲು ತೋರಿಸಿ ಎಂದು ಹಟ ಹಿಡಿಯುತ್ತಿದ್ದಳು. ಬೆಳೆದಂತೆ ಬಿಡುತ್ತದೆ ಅಂದುಕೊಂಡೆವು. ಬಿಡಲಿಲ್ಲ. ಡಿಪ್ಲೊಮಾ ಮಾಡಿದಳು, ಪರೀಕ್ಷೆ ಬರೆದಳು, ಕೊನೆಗೆ ಅಸಿಸ್ಟೆಂಟ್ ಲೋಕೋ ಪೈಲಟ್ ಆದಳು. ಇಂಜಿನ್ನಿನಲ್ಲಿ ಡ್ರೈವರ ಪಕ್ಕ ಕೂತು, ಮುಂದಿನ ಕಂಬಿಯ ಮೇಲೆ ಕಣ್ಣಿಟ್ಟು, ಸಿಗ್ನಲ್ ಕಂಡ ಕೂಡಲೇ ಕೂಗಿ ಹೇಳುವ ಕೆಲಸ ಅದು.

ಆರ್ಡರ್ ಬಂದ ದಿನ ಮನೆಮಂದಿಯೆಲ್ಲ ಗೆದ್ದೆತ್ತಿನ ಬಾಲ ಹಿಡಿದೆವು. ನನ್ನ ಯಜಮಾನರು ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಸರ್ಕಾರಿ ಬಸ್ಸು ಓಡಿಸುವವರು. ಚಿಕ್ಕವಳಿದ್ದಾಗ ಬಾನೆಟ್ ಮೇಲೆ ಕೂರಿಸಿಕೊಂಡು ಘಾಟಿ ಹತ್ತಿಸುತ್ತಿದ್ದೆ, ಇಂಜಿನ್ನಿನ ಕಾವು ಅವಳಿಗೆ ಅಲ್ಲೇ ತಾಗಿದ್ದು ಎಂದು ಡಿಪೋದಲ್ಲೆಲ್ಲ ಹೇಳಿಕೊಂಡು ಬಂದರು. ನಮ್ಮತ್ತೆಯ ಅಣ್ಣನ ಮನೆ ಪಾಲಾರ್ ದಾಟಿ ತಮಿಳುನಾಡಿನ ಮೆಟ್ಟೂರಿನಲ್ಲಿದೆ. ಇನ್ನೂ ತೊದಲು ಮಾತಾಡುತ್ತಿದ್ದ ಮೊಮ್ಮಗಳಿಗೆ ಅಲ್ಲಿ ಮೊದಲ ರೈಲು ತೋರಿಸಿದ್ದು ತಾನೇ, ಅದನ್ನು ನೋಡಿ ಕೂಸು ಕೇಕೆ ಹಾಕಿ ನಕ್ಕಿತ್ತು ಎನ್ನುವುದು ಅವರ ವಾದ. ನಾನು ಹನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಸ್ಕೂಲ್ ಮೇಡಂ. ನನ್ನ ಕ್ಲಾಸಿನ ಗೋಡೆಗೆ ರೈಲಿನ ಚಾರ್ಟು ತೂಗುಹಾಕಿದ್ದೆನಲ್ಲ, ಹುಡುಗಿ ಅದನ್ನು ನೋಡಿಯೇ ಕಲಿತದ್ದು ಎಂದು ನಾನೂ ಸುಮ್ಮನಿರಲಿಲ್ಲ. ಅವಳು ಮೂವರ ಮುಖವನ್ನೂ ನೋಡಿ ನಗುತ್ತಿದ್ದಳೇ ಹೊರತು ತೀರ್ಪು ಕೊಡುತ್ತಿರಲಿಲ್ಲ.

ಹೋದ ವರ್ಷ ಅವಳಿದ್ದ ಗಾಡಿಗೆ ಸಿಕ್ಕಿ ಒಬ್ಬ ಮನುಷ್ಯ ಸತ್ತ. ಹೊಲಗಳ ನಡುವಿನ ಲೈನು, ಹಾಡಹಗಲು. ಕಂಬಿ ದಾಟುತ್ತಿದ್ದನೋ, ಸಾಯಬೇಕೆಂದೇ ಬಂದನೋ ಯಾರಿಗೂ ತಿಳಿಯಲಿಲ್ಲ. ಡ್ರೈವರು ಹಾರ್ನ್ ಒತ್ತಿದ್ದಾರೆ, ಬ್ರೇಕ್ ಹಾಕಿದ್ದಾರೆ. ಅಷ್ಟು ಭಾರದ ಗಾಡಿ ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಿಚಾರಣೆ ನಡೆದು ಡ್ರೈವರದೂ ಇವಳದೂ ತಪ್ಪಿಲ್ಲ ಎಂದಾಯಿತು. ಮಗಳು ರಜೆ ಹಾಕಿ ಮನೆಗೆ ಬಂದಳು.

ಬಂದವಳು ಬಾಯಿಗೆ ಬೀಗ ಹಾಕಿಕೊಂಡಳು. ಉಂಡರೆ ಉಂಡಳು, ಇಲ್ಲದಿದ್ದರೆ ಇಲ್ಲ. ಏನು ಕೇಳಿದರೂ ಹೂಂ, ಊಹೂಂ. ಒಂದು ದಿನ ಮಾತ್ರ ಅನ್ನ ಕಲಸುತ್ತ, ರಜೆ ಮುಗಿದ ಮೇಲೆ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ ಅಂದಳು. ಕೆಲಸ ಹೋದರೆ ಹೋಗಲಿ, ಹಾಳಾಗಿ ಹೋಗಲಿ. ಆದರೆ ರೈಲು ಎಂಬ ಮಾತು ಕಿವಿಗೆ ಬಿದ್ದರೆ ಸಾಕು ಎದ್ದು ನಿಲ್ಲುತ್ತಿದ್ದ ಹುಡುಗಿ, ಈಗ ಟಿವಿಯಲ್ಲಿ ರೈಲು ಬಂದರೆ ಮುಖ ತಿರುಗಿಸುತ್ತಿದ್ದಳು. ಅದೊಂದು ಪ್ರೀತಿಯೂ ಸತ್ತರೆ ಇವಳಲ್ಲಿ ಇನ್ನೇನು ಉಳಿಯುತ್ತದೆ ಎನ್ನುವುದೇ ನನ್ನ ಚಿಂತೆ.

ಅಷ್ಟು ದಿನ ಹುಚ್ಚು ಹಿಡಿಸಿದ್ದು ನಾನು ನಾನು ಎನ್ನುತ್ತಿದ್ದವರೆಲ್ಲ ಈಗ ಒಬ್ಬೊಬ್ಬರೇ ಕೈ ತೊಳೆದುಕೊಂಡೆವು. ಬಸ್ಸಿನಲ್ಲಿ ಕೂರಿಸಿಕೊಂಡಿದ್ದು ನಿಜ, ಆದರೆ ಬಿ.ಎಡ್. ಮಾಡು ಎಂದೇ ಬುದ್ಧಿ ಹೇಳಿದ್ದೆ ಅಂದರು ಯಜಮಾನರು. ಮೆಟ್ಟೂರಿನಲ್ಲಿ ಕೂಸು ನಗಲಿಲ್ಲ, ಹೆದರಿ ಅತ್ತುಬಿಟ್ಟಿತ್ತು, ಮೂರು ದಿನ ಜ್ವರ ಬಂದಿತ್ತು ಎಂದು ಅತ್ತೆ ಸಾಕ್ಷಿಯನ್ನೇ ತಿರುಗಿಸಿದರು. ನಾನು? ಸ್ಕೂಲಿಗೆ ಹೋದವಳು ಆ ಚಾರ್ಟನ್ನು ಗೋಡೆಯಿಂದ ಕಿತ್ತು ಬೀರುವಿನ ಹಿಂದೆ ತಳ್ಳಿದೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾವ ಗಾಡಿಯಾದರೂ ಜೀವ ತೆಗೆದರೆ, ಟ್ರ್ಯಾಕ್ಟರಿರಲಿ ಜೀಪಿರಲಿ, ಅದನ್ನು ಬೆಟ್ಟಕ್ಕೆ ಹತ್ತಿಸಿ, ತೊಳೆದು, ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹರಿಸಬೇಕು. ಅಲ್ಲಿಯವರೆಗೆ ಓಡಿಸುವವನು ಸ್ಟೇರಿಂಗ್ ಮುಟ್ಟುವುದಿಲ್ಲ. ಘಾಟಿಯಲ್ಲಿ ಒಂದು ಕರು ಬಸ್ಸಿಗೆ ಅಡ್ಡ ಬಂದು ಸತ್ತಾಗ ನನ್ನ ಯಜಮಾನರೂ ಹಾಗೇ ಮಾಡಿದ್ದರು. ಗಾಡಿಗೆ ದೋಷ ಕಳೆಯದೆ ಹುಡುಗಿ ಸರಿಹೋಗುವುದಿಲ್ಲ ಎಂದು ಅತ್ತೆ ಶುರುಮಾಡಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹಾಗಾದರೆ ರೈಲನ್ನು ಬೆಟ್ಟಕ್ಕೆ ಹತ್ತಿಸಿಕೊಂಡು ಬನ್ನಿ, ತಾಳುಬೆಟ್ಟದ ತಿರುವಿನಲ್ಲಿ ನಾನೇ ನಿಂತು ಆರತಿ ಎತ್ತುತ್ತೇನೆ ಅಂದುಬಿಟ್ಟೆ. ಅತ್ತೆ ಮುನಿಸಿಕೊಂಡು ಎರಡು ದಿನ ಮಾತಾಡಲಿಲ್ಲ. ಮುನಿಸು ಅಂದುಕೊಂಡಿದ್ದೆ, ಯೋಚನೆ ಮಾಡುತ್ತಿದ್ದರಂತೆ.

ಮೂರನೆಯ ದಿನ ಹೇಳಿದರು: "ಕಂಬಿ ಅನ್ನದು ಎಲ್ಲಾನೂ ಒಂದೇ ಕಣಮ್ಮಿ. ಡೆಲ್ಲಿಲಿರದೂ ಅದೇ, ಚಾಮ್ರಾಜ್‌ನಗರದಲ್ಲಿರದೂ ಅದೇ. ಅದ್ರ ತುದಿ ನಮ್ ಕಡ್ಗೆ ಬಂದು ನಿಂತದ. ಆ ತುದಿಗೆ ಪೂಜೆ ಮಾಡುದ್ರೆ ಎಲ್ಲಾಕೂ ಆಯ್ತದ."

ಹೌದು, ಮೈಸೂರಿನಿಂದ ಬರುವ ಲೈನು ಚಾಮರಾಜನಗರದಲ್ಲಿ ಮುಗಿಯುತ್ತದೆ. ಅಷ್ಟಕ್ಕೆ ದೇಶದ ರೈಲಿಗೆಲ್ಲ ಅಲ್ಲೇ ಶಾಂತಿ ಮಾಡಿಸುವುದೇ? ಕಂಬಿ ಮೇಲೆ ನಿಂಬೆಹಣ್ಣಿಟ್ಟರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ, ರೈಲ್ವೆ ನೌಕರಳ ಅಜ್ಜಿ ಎಂದು ಪೇಪರಿನಲ್ಲಿ ಹಾಕುತ್ತಾರೆ, ಇಲ್ಲದ ಉಸಾಬರಿ ಯಾಕೆ ಎಂದು ಕೂಗಾಡಿದೆ. ಗೋಡೆಗೆ ಒರಗಿ ಕೂತಿದ್ದ ಮಗಳು ತಲೆಯೆತ್ತಿ, ತಾನೂ ಬರುತ್ತೇನೆ ಅಂದಳು. ಅಷ್ಟು ದಿನಗಳಲ್ಲಿ ಅವಳಾಗಿ ಬೇಕು ಎಂದದ್ದು ಅದೊಂದೇ. ನಾನೇ ಎದ್ದು ಬಟ್ಟೆ ಚೀಲ ಹುಡುಕಿ ಅತ್ತೆಗೆ ಕೊಟ್ಟೆ.

ಯಜಮಾನರ ವಾರದ ರಜೆಯ ದಿನ ನಾಲ್ವರೂ ಬಸ್ಸು ಹತ್ತಿದೆವು. ಅತ್ತೆಯ ಮಡಿಲಲ್ಲಿ ಬಟ್ಟೆ ಚೀಲ, ಚೀಲದಲ್ಲಿ ಬೆಟ್ಟದಿಂದ ತರಿಸಿದ ವಿಭೂತಿ, ನಿಂಬೆಹಣ್ಣು, ಕರ್ಪೂರ. ಯಳಂದೂರು ಬಂದಾಗ ಅತ್ತೆ ಬಿಳಿಗಿರಿರಂಗನ ಬೆಟ್ಟದ ಕಡೆ ತಿರುಗಿ ಕೈಮುಗಿದು, ಪಕ್ಕದಲ್ಲಿದ್ದ ಮೊಮ್ಮಗಳ ಕೈಯನ್ನೂ ಹಿಡಿದು ಮುಗಿಸಿದರು. ಸಂತೇಮರಹಳ್ಳಿ ದಾಟಿದ ಮೇಲೆ ಹುಡುಗಿಯ ಮುಖ ಬಿಳಿಚಿಕೊಳ್ಳತೊಡಗಿತು. ಇಳಿದು ವಾಪಸ್ಸು ಹೋಗೋಣವೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು.

ಸ್ಟೇಷನ್ನಿನಲ್ಲಿ ಮೈಸೂರಿಗೆ ಹೊರಡುವ ರೈಲು ನಿಂತಿತ್ತು. ಅವಳು ಅದರ ಕಡೆ ನೋಡಲಿಲ್ಲ. ಅಲ್ಲಿನ ನೌಕರರೊಬ್ಬರಿಗೆ ತನ್ನ ಗುರುತಿನ ಕಾರ್ಡು ತೋರಿಸಿ ಏನೋ ಹೇಳಿದಳು, ಅವರು ದೂರದಿಂದ ನೋಡಿಕೊಳ್ಳಿ ಎಂದರು. ಪ್ಲಾಟ್‌ಫಾರಂ ಮುಗಿದು ಸ್ವಲ್ಪ ಆಚೆಗೆ ಕಂಬಿಗಳು ಒಂದು ಅಡ್ಡಗಟ್ಟೆಗೆ ತಾಗಿ ನಿಂತಿದ್ದವು. ಸುತ್ತ ಹುಲ್ಲು, ಒಂದು ಹಳೇ ಚಪ್ಪಲಿ. ಇಷ್ಟೇನಾ ಅಂದರು ಅತ್ತೆ. ಆದರೂ ಕೂತು, ವಿಭೂತಿ ತೆಗೆದು, ನಿಂಬೆಹಣ್ಣು ಹಿಡಿದು ಕಂಬಿಯ ಕಡೆ ಬಾಗಿದರು. ಮಗಳು ಅವರ ಮಣಿಕಟ್ಟು ಹಿಡಿದುಕೊಂಡಳು.

"ಕಂಬಿ ಮ್ಯಾಲೆ ಏನೂ ಇಡಂಗಿಲ್ಲ ಅಜ್ಜಿ."

ಅದು ಡ್ಯೂಟಿಯ ದನಿ. ಅವಳ ಆ ದನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. ಹಾಗಾದರೆ ನಿನಗೇ ಇಳಿಸುತ್ತೇನೆ ಬಾ ಎಂದು ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ಹಣ್ಣನ್ನು ತಲೆಯಿಂದ ಕಾಲಿಗೆ ನಿವಾಳಿಸುತ್ತ, ಕಣ್ಣಿನದು ಹೋಗಲಿ, ಕಾಲಿನದು ಹೋಗಲಿ, ಮಾದಪ್ಪ ಕಾಯಪ್ಪ ಎಂದು ಶುರುಮಾಡಿದರು. ಹುಡುಗಿ ಬಲಗೈ ಮುಂದೆ ಚಾಚಿದಳು.

"ಈ ಕೈಗೆ ಇಳ್ಸಜ್ಜಿ. ದೋಸ ಇರದು ಇಲ್ಲಿ."

ಆಮೇಲೆ ಅಲ್ಲೇ ಹುಲ್ಲಿನ ಮೇಲೆ ಕೂತು ಹೇಳಿದಳು. ಆ ದಿನ ಲೈನಿನ ಪಕ್ಕದ ಹೊಲದ ಬದುವಿನ ಮೇಲೆ ಒಂದು ಮಗು ನಿಂತು ಎರಡು ಕೈಯನ್ನೂ ಎತ್ತಿ ಬೀಸುತ್ತಿತ್ತಂತೆ. ಇವಳು ಯಾವಾಗಲೂ ಮಾಡುವ ಹಾಗೆ ಅದರ ಕಡೆ ತಿರುಗಿ ಕೈ ಬೀಸಿದ್ದಾಳೆ. ಅಷ್ಟರಲ್ಲಿ ಡ್ರೈವರು ಕೂಗಿದ್ದಾರೆ. ಮುಂದೆ ನೋಡಿದಾಗ ಆ ಮನುಷ್ಯ ಕಂಬಿಯ ಮೇಲಿದ್ದ.

"ನಾ ನೋಡುದ್ರೂ ಗಾಡಿ ನಿಲ್ತಿರ್ಲಿಲ್ಲ. ಎಲ್ಲಾರೂ ಅದ್ನೇ ಏಳ್ತಾರೆ, ನಂಗೂ ಗೊತ್ತು. ಆದ್ರೆ ನಾ ನೋಡ್ತಿರ್ಲಿಲ್ಲ ಅಮ್ಮ."

ಮಕ್ಕಳಿಗೆ ಕೈ ಬೀಸುವ ಅಭ್ಯಾಸ ಎಲ್ಲಿಂದ ಬಂತು ಎನ್ನುವುದನ್ನೂ ಹೇಳಿದಳು. ಅವಳು ಮೂರನೆಯ ಕ್ಲಾಸಿನಲ್ಲಿದ್ದಾಗ ನಂಜನಗೂಡಿಗೆ ಹೋಗುವ ದಾರಿಯಲ್ಲಿ ರೈಲ್ವೆ ಗೇಟು ಹಾಕಿ ನಾವು ಕೂತಿದ್ದ ಬಸ್ಸು ನಿಂತಿತ್ತಂತೆ. ನಾನೂ ಯಜಮಾನರೂ ಏನಕ್ಕೋ ಜಗಳವಾಡುತ್ತಿದ್ದೆವಂತೆ. ಕಿಟಕಿಯ ಹತ್ತಿರ ಅಳುತ್ತ ಕೂತಿದ್ದ ಇವಳನ್ನು ನೋಡಿ, ಹಾದುಹೋಗುತ್ತಿದ್ದ ರೈಲಿನ ಡ್ರೈವರು ಕೈ ಬೀಸಿದನಂತೆ. ಗುರುತಿಲ್ಲ, ಪರಿಚಯವಿಲ್ಲ, ಅಷ್ಟು ದೊಡ್ಡ ಗಾಡಿ ಓಡಿಸುವವನು ನನ್ನೊಬ್ಬಳಿಗೆ ಬೀಸಿದ ಅಂದಳು. ಹುಚ್ಚು ಹಿಡಿದಿದ್ದು ಅಲ್ಲಿ. ನನಗೆ ಆ ಗೇಟೂ ನೆನಪಿಲ್ಲ, ಆ ಜಗಳವೂ ನೆನಪಿಲ್ಲ. ಮೊಕದ್ದಮೆಯಲ್ಲಿ ಮೂವರೂ ಸೋತಿದ್ದೆವು.

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಸತ್ತವನ ಮೇಲೆ ಸಿಟ್ಟು. ಸಾಯುವುದಕ್ಕೆ ನನ್ನ ಮಗಳಿದ್ದ ರೈಲೇ ಬೇಕಿತ್ತೇ ಅವನಿಗೆ, ಬೇರೆ ರೈಲು ಸಿಗಲಿಲ್ಲವೇ ಎಂದು ಬೈದೆ. ಮಗಳು ನನ್ನನ್ನು ನೋಡಿ, "ಬೇರೆ ರೈಲಲ್ಲೂ ಯಾರಾದ್ರೂ ಇರ್ತಾರೆ ಅಮ್ಮ" ಅಂದಳು. ಆ ಮಾತಿಗೆ ನಾನು ತಲೆ ತಗ್ಗಿಸಿದೆ.

ಅಷ್ಟು ಹೊತ್ತು ದೂರ ನಿಂತಿದ್ದ ಯಜಮಾನರು ಬಂದು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತರು. ಮಾತು ಕಡಿಮೆ ಆಡುವ ಮನುಷ್ಯ. "ಕರ ಸತ್ತಾಗ ನಾ ರೋಡೇ ನೋಡ್ತಿದ್ದೆ ಕಣವ್ವ" ಅಂದರು. "ನೋಡ್ತಾ ನೋಡ್ತಾನೇ ವೋಯ್ತು."

ಅವಳು ಅಪ್ಪನ ಹೆಗಲಿಗೆ ಹಣೆ ಇಟ್ಟು ಅತ್ತಳು. ಅಳಲಿ ಬಿಡು, ಒಳಗಿದ್ದದ್ದು ಹೊರಗೆ ಬರಲಿ ಎಂದು ಅತ್ತೆ ನನ್ನ ಸೆರಗು ಹಿಡಿದೆಳೆದು ಕೂರಿಸಿದರು. ರೈಲು ಹಾರ್ನ್ ಹಾಕಿ ಹೊರಟಾಗ ಹುಡುಗಿ ಬೆಚ್ಚಿದಳು, ಆದರೆ ಮುಖ ತಿರುಗಿಸಲಿಲ್ಲ. ಕೊನೆಯ ಬೋಗಿ ಕಣ್ಮರೆಯಾಗುವವರೆಗೆ ನೋಡಿದಳು.

ರಜೆ ಮುಗಿದ ಮೇಲೆ ಅವಳು ರಾಜೀನಾಮೆಯ ಮಾತೆತ್ತದೆ ಕೆಲಸಕ್ಕೆ ವಾಪಸ್ಸು ಹೋದಳು. ನಿಂಬೆಹಣ್ಣಿನ ಮಹಿಮೆ ಎಂದು ಅತ್ತೆ ಬೀದಿಗೆಲ್ಲ ಹೇಳಿದರು, ನಾನು ಎದುರಾಡಲಿಲ್ಲ. ಮೊದಮೊದಲು ಫೋನಿನಲ್ಲಿ ಊಟ, ನಿದ್ದೆ, ಹವಾ ಇಷ್ಟೇ ಮಾತು. ಬರಬರುತ್ತ ಹೊಸ ಇಂಜಿನ್ನಿನ ಸುದ್ದಿ, ಮಂಜಿನಲ್ಲಿ ಸಿಗ್ನಲ್ ಹೇಗೆ ಕಾಣುತ್ತದೆ ಎನ್ನುವ ಸುದ್ದಿ ಎಲ್ಲ ಶುರುವಾಯಿತು. ದನಿಯಲ್ಲಿ ಸ್ವಲ್ಪ ಜೀವ ಬಂದಿತ್ತು. ನನಗೆ ಎಷ್ಟೋ ನೆಮ್ಮದಿ. ಸುಮ್ಮನಿರಬಾರದೇ, ಕೇಳಿಬಿಟ್ಟೆ, ಲೈನಿನ ಪಕ್ಕ ಮಕ್ಕಳು ನಿಂತಿರುತ್ತಾರಾ ಎಂದು.

"ಇರ್ತಾವಮ್ಮ. ಬೀಸ್ತಾವೆ. ನಾ ಮುಂದೆ ನೋಡ್ತೀನಿ" ಅಂದಳು.

ಫೋನಿಟ್ಟು ಒಲೆಯ ಮೇಲೆ ಅನ್ನಕ್ಕೆ ಇಟ್ಟೆ. ಎಲ್ಲೋ ಒಂದು ಮಗು ಬದುವಿನ ಮೇಲೆ ನಿಂತು ಕೈ ಎತ್ತುತ್ತದೆ, ನನ್ನ ಮಗಳ ರೈಲು ಹಾದುಹೋಗುತ್ತದೆ, ಮಗು ಕೈ ಇಳಿಸಿ ಮನೆಗೆ ಹೋಗುತ್ತದೆ. ಅದಕ್ಕೆ ರೈಲಿನ ಹುಚ್ಚು ಹಿಡಿಯುವುದಿಲ್ಲ. ಅದರ ತಾಯಿಗೆ ನನ್ನ ಸಂಕಟ ಬರುವುದಿಲ್ಲ. ಒಳ್ಳೆಯದೇ ಆಯಿತು ಎಂದುಕೊಳ್ಳಲು ನೋಡಿದೆ, ನನ್ನ ಕೈಲಿ ಆಗಲಿಲ್ಲ.