ಮೆಲ್ಬರ್ನ್ ಹುಡುಗ ಫೋನ್ ಎತ್ತಲಿಲ್ಲ

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ವರ್ಷವೆಲ್ಲ ಮಗಳ ಲ್ಯಾಪ್‌ಟಾಪ್ ತೆರೆದೇ ಇರುತ್ತಿತ್ತು. ಅವಳೂ, ಮೆಲ್ಬರ್ನ್‌ನಲ್ಲಿ ಓದುತ್ತಿದ್ದ ಧಾರವಾಡ ಕಡೆಯ ಹುಡುಗನೊಬ್ಬನೂ ಸೇರಿ ಒಂದು ವೆಬ್ ಆ್ಯಪ್ ಕಟ್ಟಿದ್ದರು. ಯಾವ ಸೆಮಿಸ್ಟರ್‌ಗೆ ಯಾವ ಸಬ್ಜೆಕ್ಟ್ ತೆಗೆದುಕೊಳ್ಳಬೇಕು, ಯಾವುದು ಪಾಸಾಗದೆ ಯಾವುದಕ್ಕೆ ಸೇರುವ ಹಾಗಿಲ್ಲ ಎಂದು ವಿದ್ಯಾರ್ಥಿಗಳಿಗೆ ತೋರಿಸುವ ಆ್ಯಪ್ ಅದು. ತನ್ನ ಯೂನಿವರ್ಸಿಟಿಯ ಭಾಗವನ್ನು ಮಗಳು ನೋಡಿಕೊಳ್ಳುತ್ತಿದ್ದಳು, ಅವನದನ್ನು ಅವನು. ಅವನ ಮುಖ ನೋಡಿದ್ದಕ್ಕಿಂತ ದನಿ ಕೇಳಿದ್ದೇ ಹೆಚ್ಚು. ನಾನು ಸಾರಿಗೆ ಒಗ್ಗರಣೆ ಹಾಕಿದರೆ ಸಾಕು, ಲ್ಯಾಪ್‌ಟಾಪ್‌ನೊಳಗಿಂದ "ಆಂಟಿ, ಚುರ್ ಅಂದದ್ದು ಇಲ್ಲಿತನಕ ಕೇಳಿಸ್ತು ನೋಡ್ರಿ" ಎನ್ನುತ್ತಿದ್ದ. ಒಮ್ಮೆ ಅವನಿಗೆ ಕೋಡುಬಳೆ ಮಾಡಿ ಪೋಸ್ಟ್‌ನಲ್ಲಿ ಕಳಿಸಿದ್ದೆ.

ಒಂದು ಮಧ್ಯಾಹ್ನ ಅವನಿಗೆ ಯೂನಿವರ್ಸಿಟಿಯಿಂದ ಇಮೇಲ್ ಬಂತು. ನಮ್ಮ ಲಾಂಛನವನ್ನೂ ಕೋರ್ಸ್ ವಿವರಗಳನ್ನೂ ಅನುಮತಿಯಿಲ್ಲದೆ ಬಳಸಿದ್ದೀರಿ, ಶುಕ್ರವಾರ ಆಫೀಸಿಗೆ ಬಂದು ಮಾತನಾಡಿ ಎಂದಿತ್ತು. ಅವನು ಅದನ್ನು ಓದಿ ಹೇಳುವಾಗ ದನಿ ಒಡೆಯುತ್ತಿತ್ತು.

"ಇಟ್ಸ್ ಜಸ್ಟ್ ಆ್ಯನ್ ಇಮೇಲ್. ಸಾರಿ ಅಂತ ಒಂದು ರಿಪ್ಲೈ ಹಾಕು" ಎಂದಳು ಮಗಳು.

"ನಿಂದೇನೈತಿ, ನೀ ಇಲ್ಲೇ ಹುಟ್ಟಿದಾಕಿ. ನನ್ನ ವಾಪಸ್ ಕಳಿಸಿಬಿಡ್ತಾರ."

ಮಗಳಿಗೆ ಅದು ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ನಾನೂ ಸ್ಟೂಡೆಂಟ್ ವೀಸಾದಲ್ಲಿ ಬಂದವಳೇ. ಜ್ವರದಲ್ಲಿ ಒಂದು ಸಬ್ಜೆಕ್ಟ್ ಕೈಬಿಟ್ಟಿದ್ದಕ್ಕೆ ಕಾಲೇಜಿನವರು ಬರಹೇಳಿದ ದಿನ, ವೀಸಾ ಹೋಯಿತೆಂದೇ ತಿಳಿದು ಬ್ಲ್ಯಾಕ್‌ಟೌನ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಒಂದರ ಹಿಂದೊಂದು ಟ್ರೈನ್ ಬಿಟ್ಟಿದ್ದೆ, ಹತ್ತಲು ಕಾಲೇ ಬಂದಿರಲಿಲ್ಲ. ಇಲ್ಲೇ ಕಾಯಂ ಇರಲು ಪಿಆರ್ ಸಿಕ್ಕಿ, ಸಿಟಿಜನ್ ಆಗಿ, ಇಷ್ಟು ಕಾಲ ಕಳೆದ ಮೇಲೂ ಸರ್ಕಾರದ ಲಕೋಟೆ ಬಂದರೆ ನಾನು ತಕ್ಷಣ ಒಡೆಯುವುದಿಲ್ಲ.

ಮರುದಿನದಿಂದ ಅವನ ಫೋನ್ ಸ್ವಿಚ್ ಆಫ್. ಮೆಸೇಜ್‌ಗಳಿಗೂ ಉತ್ತರವಿಲ್ಲ. ಆ್ಯಪ್‌ನ ಮೆಲ್ಬರ್ನ್ ಭಾಗ ಪೂರ್ತಿ ಮಾಯವಾಗಿತ್ತು, ಅವನೇ ಅಳಿಸಿಹಾಕಿದ್ದ. "ಕೋಪ ಇರಬೇಕು, ಬಿಡು" ಎಂದು ಮಗಳು ಮೊದಮೊದಲು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಬುಧವಾರದ ಹೊತ್ತಿಗೆ ಅವಳೂ ಉಗುರು ಕಚ್ಚತೊಡಗಿದಳು. ಅಡುಗೆಮನೆಯಲ್ಲಿ ನಿಂತವಳಿಗೆ ಬೇಡದ ಯೋಚನೆಗಳೆಲ್ಲ ಬಂದವು. ಒಂಟಿ ಹುಡುಗ, ಬಾಡಿಗೆ ರೂಮು, ಬಾಗಿಲು ತಟ್ಟುವವರಿಲ್ಲ. ಅವನ ಅಪ್ಪ ಅಮ್ಮನ ನಂಬರ್ ನಮ್ಮಲ್ಲಿ ಇರಲಿಲ್ಲ. ಇದ್ದಿದ್ದರೂ ಏನೆಂದು ಹೇಳುವುದು? ಪಾರ್ಸೆಲ್ ಕಳಿಸಿದ ವಿಳಾಸ ಮಾತ್ರ ಇತ್ತು. ಗುರುವಾರದಿಂದ ರಜೆ ಹಾಕಿ ಇಬ್ಬರಿಗೂ ಫ್ಲೈಟ್ ಬುಕ್ ಮಾಡಿದೆ.

ಮೆಲ್ಬರ್ನ್‌ನಲ್ಲಿ ಸಣ್ಣ ಮಳೆ, ಚಳಿಗಾಳಿ. ಆ ಮನೆಯ ಕದ ತೆರೆದವನು ಅಲ್ಲೇ ಇರುವ ಪಂಜಾಬಿ ಹುಡುಗ. "ಒಳಗೇ ಇದ್ದಾನೆ ಅನ್ಸತ್ತೆ ಆಂಟಿ. ಎರಡು ದಿನದಿಂದ ನಾನು ನೋಡಿಲ್ಲ, ನನಗೆ ನೈಟ್ ಶಿಫ್ಟ್" ಎಂದು ಹಿಂದಿಯಲ್ಲಿ ಹೇಳಿ ಕೊನೆಯ ರೂಮು ತೋರಿಸಿದ. ಮಗಳು ನನ್ನ ತೋಳು ಹಿಡಿದುಕೊಂಡಳು.

ಬಾಗಿಲು ತಟ್ಟಿದೆ. ಸದ್ದಿಲ್ಲ.

"ನಾನಪ್ಪಾ, ಸಿಡ್ನಿ ಆಂಟಿ. ಬಾಗ್ಲು ತೆಗಿ."

ಏನೂ ಇಲ್ಲ. ಮತ್ತೆ ಜೋರಾಗಿ ತಟ್ಟಿದೆ. ಬಾಗಿಲು ಒಡೆಯೋಣವೇ ಎಂದು ಪಂಜಾಬಿ ಹುಡುಗ ಹತ್ತಿರ ಬಂದ. ಆಗ ಒಳಗೆ ಮಂಚ ಕಿರುಗುಟ್ಟಿತು. ನಾನು ಕೈ ಅಡ್ಡ ಹಿಡಿದು ಪಂಜಾಬಿ ಹುಡುಗನನ್ನು ತಡೆದೆ.

ಬಾಗಿಲು ತೆರೆದವನು ಕಂಪ್ಯೂಟರಿನಲ್ಲಿ ಕಾಣುತ್ತಿದ್ದುದಕ್ಕಿಂತ ಕುಳ್ಳಗಿದ್ದ. ಕಣ್ಣು ಊದಿತ್ತು. ಅವನ ಹಿಂದೆ ಸೂಟ್‌ಕೇಸ್ ಅರ್ಧ ತುಂಬಿ ಬಾಯಿ ತೆರೆದುಕೊಂಡಿತ್ತು.

"ನಿದ್ದಿಗಣ್ಣಾಗ ಪೊಲೀಸರು ಬಂದ್ರಂತ ತಿಳಕೊಂಡೆ, ಆಂಟಿ. ವೀಸಾ ಕ್ಯಾನ್ಸಲ್ ಮಾಡ್ತಾರೇನ್ರಿ?"

ಇಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ, ನನಗೇ ಗೊತ್ತಿರಲಿಲ್ಲ. "ನಾಳೆ ನಿನ್ನ ಜೊತೆ ನಾವೂ ಬರ್ತೀವಿ. ಈಗ ಮುಖ ತೊಳ್ಕೊ, ಏನಾದ್ರೂ ತಿನ್ನೋಣ" ಎಂದೆ.

ಶುಕ್ರವಾರ ಮಗಳು ಅವನೊಂದಿಗೆ ಯೂನಿವರ್ಸಿಟಿ ಆಫೀಸಿನ ಒಳಗೆ ಹೋದಳು. ನಾನು ಹೊರಗೆ ಕುರ್ಚಿಯಲ್ಲಿ ಕೂತೆ. ಗಾಜಿನಾಚೆ ಒಬ್ಬ ಹೆಂಗಸು ಮಾತಾಡುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅವಳು ನಕ್ಕಾಗಲೂ ನನಗೆ ಭಯವೇ ಆಯಿತು. ಹೊರಗೆ ಬಂದ ಮಗಳು ಹೇಳಿದ್ದಿಷ್ಟು: ಲಾಂಛನ ತೆಗೆಯಬೇಕು, ಇದು ಯೂನಿವರ್ಸಿಟಿಯದಲ್ಲ ಎಂದು ಬರೆಯಬೇಕು, ಆಮೇಲೆ ಧಾರಾಳವಾಗಿ ನಡೆಸಬಹುದು. ವೀಸಾದ ಮಾತೇ ಬರಲಿಲ್ಲವಂತೆ.

ಅವನು ಮಾತ್ರ ಅಲ್ಲೇ ಮೆಟ್ಟಿಲ ಮೇಲೆ ಕೂತು, "ನನ್ನ ಹೆಸರು ತಗದುಬಿಡು. ನಾ ಇನ್ನ ಇದರಾಗ ಇರಂಗಿಲ್ಲ" ಎಂದ. ಮಗಳಿಗೆ ಸಿಟ್ಟು ಬಂತು. ಏನೂ ಆಗಲಿಲ್ಲವಲ್ಲ ಎಂದು ವಾದ ಮಾಡಿದಳು, ವಿಮಾನದಲ್ಲೂ ಅದನ್ನೇ ಹೇಳುತ್ತಿದ್ದಳು. ಬ್ಲ್ಯಾಕ್‌ಟೌನ್ ಸ್ಟೇಷನ್ನಿನ ಆ ಬೆಂಚಿನ ವಿಷಯ ನಾನು ಅವಳಿಗೆ ಹೇಳಿದ್ದು ಅಂದೇ. ಕೇಳಿಸಿಕೊಂಡಳು, ಮತ್ತೆ ವಾದ ಮಾಡಲಿಲ್ಲ.

ಅವನು ಡಿಗ್ರಿ ಮುಗಿಸಿ ಈಗ ಕೆಲಸದಲ್ಲಿದ್ದಾನೆ, ಪಿಆರ್‌ಗೆ ಕಾಯುತ್ತಿದ್ದಾನೆ. ಮೆಲ್ಬರ್ನ್ ಭಾಗವನ್ನು ಅಲ್ಲಿನ ಇಬ್ಬರು ಹುಡುಗಿಯರು ಹೊಸದಾಗಿ ಕಟ್ಟಿ ನಡೆಸುತ್ತಿದ್ದಾರೆ. ಅದರಲ್ಲಿ ತಪ್ಪು ಕಂಡರೆ ಅವನಿಗೆ ಸುಮ್ಮನಿರಲಾಗುವುದಿಲ್ಲ, ಮಗಳಿಗೆ ಫೋನ್ ಮಾಡಿ ತಿದ್ದುಪಡಿ ಹೇಳುತ್ತಾನೆ. ಇಡುವ ಮೊದಲು ಪ್ರತಿಸಲವೂ ದನಿ ತಗ್ಗಿಸಿ, "ನಾ ಹೇಳಿದ್ದಂತ ಯಾರಿಗೂ ಹೇಳಬ್ಯಾಡ" ಎನ್ನುತ್ತಾನೆ.