ಶ್ರೀಕಂಠ ಅಂಕಲ್ ನಡೆಸಿದ ಹಿತ್ತಲ ಸಮೀಕ್ಷೆ

ಶ್ರೀಕಂಠ ಅಂಕಲ್ ಯಾರ ಮನೆಗೆ ಊಟಕ್ಕೆ ಬಂದರೂ ಮೊದಲು ಹಿತ್ತಲಿಗೆ ಹೋಗುತ್ತಿದ್ದರು. ಕೈ ಹಿಂದೆ ಕಟ್ಟಿಕೊಂಡು ಬೇಲಿಯುದ್ದಕ್ಕೂ ನಡೆದು, ಹಿಡಿ ಮಣ್ಣು ಮೂಸಿ, ಒಳಗೆ ಬಂದು ತೀರ್ಪು ಕೊಟ್ಟ ಮೇಲೆಯೇ ಕೋಸಂಬರಿಗೆ ಕೈ ಹಾಕುವುದು. "ಮಣ್ಣು ಉತ್ತಮ. ಬೇಲಿ ಸಾಧಾರಣ. ಕಳೆ ವಿಪರೀತ. ಒಡೆಯ ಸೋಮಾರಿ." ಆಸ್ಟ್ರೇಲಿಯಾದ ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ಈ ಬಿರುದು ಪಡೆಯದ ಕನ್ನಡಿಗ ಗಂಡಸರು ಕಡಿಮೆ. ನನಗಂತೂ ವರ್ಷವರ್ಷವೂ ನವೀಕರಣವಾಗುತ್ತಿತ್ತು.

ಮೈಸೂರಿನಿಂದ ಬಂದು ಇಲ್ಲಿನ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ಡಾಕ್ಟರು ಅವರು. ಗುಲಾಬಿ ಬೆಳೆಸುವ ಪುಸ್ತಕಗಳೆಂದು ಹಳೇ ಪುಸ್ತಕದಂಗಡಿಯಿಂದ ಹೊತ್ತು ತಂದ ಕಟ್ಟಿನಲ್ಲಿ ಇಂಗ್ಲೆಂಡಿನ ಸಫೋಕ್ ಕೌಂಟಿಯ ಹಳೆಯ ಜಮೀನು ಸಮೀಕ್ಷೆಗಳು ಸಿಕ್ಕವು. ಯಾವ ಹೊಲದ ಮಣ್ಣು ಎಂಥದು, ಯಾವ ರೈತ ಎಂಥವನು ಎಂದು ಅಧಿಕಾರಿಗಳು ಒಂದೊಂದೇ ಸಾಲಿನಲ್ಲಿ ಬರೆದು ಮುಗಿಸಿದ್ದರು. ಅಂಕಲ್‌ಗೆ ಗುಲಾಬಿ ಮರೆತೇಹೋಯಿತು. ಕಣ್ಣಾರೆ ಕಾಣದ ಸಫೋಕಿನ ಟರ್ನಿಪ್ ಬೆಳೆಯ ಬಗ್ಗೆ ಊಟದ ನಡುವೆ ನಿಟ್ಟುಸಿರು ಬಿಡುತ್ತಿದ್ದರು.

ಅಂಕಲ್ ಅವರ ಪಕ್ಕದ ಮನೆಯ ಮುದುಕರು ರಾನ್. ಅವರ ಹಿರಿಯರು ಅದೇ ಕೌಂಟಿಯವರು. ಇಬ್ಬರೂ ಸಂಜೆಯ ಹೊತ್ತು ಬೇಲಿಗೊರಗಿ ಹರಟುತ್ತಿದ್ದರು. ಅಂಕಲ್‌ಗೆ ಇದ್ದ ಒಬ್ಬರೇ ಗೆಳೆಯರೆಂದರೆ ಅವರೇ. ನಾವೆಲ್ಲ ಬರೀ ಸೋಮಾರಿಗಳು. ಒಂದು ದಿನ ರಾನ್ ಅವರ ತಾತನ ಹೊಲವೇ ಎರಡನೇ ಮಹಾಯುದ್ಧದ ಕಾಲದ ಸಮೀಕ್ಷೆಯಲ್ಲಿ ಸಿಕ್ಕಿತು. ಅಂಕಲ್ ಸಂಭ್ರಮದಿಂದ ಬೇಲಿಯ ಬಳಿಗೆ ಹೋಗಿ, ಇದ್ದದ್ದನ್ನು ಇದ್ದಂತೆ ಓದಿದರು: ಮಣ್ಣು ಉತ್ತಮ, ಮುಳ್ಳುಕಳೆ ವಿಪರೀತ, ರೈತ ಸೋಮಾರಿ.

ಆ ವರ್ಷ ತಾತನ ಹಿರಿಮಗ ಯುದ್ಧದಲ್ಲಿ ತೀರಿಕೊಂಡಿದ್ದ ಎಂದಷ್ಟೇ ಹೇಳಿ ರಾನ್ ಒಳಗೆ ಹೋದರು. ಮತ್ತೆ ಬೇಲಿಯ ಕಡೆ ಬರಲಿಲ್ಲ.

ಭಾನುವಾರ ನಮ್ಮ ಮನೆಗೆ ಬಂದ ಅಂಕಲ್ ಹಿತ್ತಲಿಗೆ ಹೋಗದೆ ಸೋಫಾದಲ್ಲಿ ಕೂತು ನಡೆದದ್ದನ್ನು ಹೇಳಿದರು. "ಆ ಅಧಿಕಾರಿಗಳು ಸಿಂಪ್ಟಮ್ಸ್ ಬರ್ಕೊಂಡಿದಾರೆ ಕಣಯ್ಯ, ಹಿಂದೆ ಏನಾಯ್ತು ಅಂತ ಹಿಸ್ಟರಿ ತಗೊಂಡೇ ಇಲ್ಲ. ಡಾಕ್ಟ್ರಾಗಿ ನಾನೂ ಹಾಗೇ ಓದ್ಬಿಟ್ಟೆ."

"ಹೋಗಿ ಮಾತಾಡ್ಸಿ ಅಂಕಲ್," ಎಂದಳು ನನ್ನ ಹೆಂಡತಿ.

"ಏನಂತ ಮಾತಾಡ್ಸ್ಲಮ್ಮ?"

"ಅವ್ರ ತಾತನ ಬಗ್ಗೆ ಕೇಳಿ. ಈಗ್ಲಾದ್ರೂ ಹಿಸ್ಟರಿ ತಗೊಳಿ."

ಹೋಗಿ ಬಾಗಿಲು ತಟ್ಟಿ ಕೇಳಿದರಂತೆ. ರಾನ್ ಕತ್ತಲಾಗುವವರೆಗೂ ಹೇಳಿದರಂತೆ.

ಅಂದಿನಿಂದ ತೀರ್ಪುಗಳು ನಿಂತವು. ಮುಂದಿನ ಚಳಿಗಾಲ ಮೈಸೂರಿನಲ್ಲಿ ನನ್ನ ತಾಯಿ ತೀರಿಕೊಂಡರು. ಇಲ್ಲಿ ನಮ್ಮ ಹಿತ್ತಲ ತುಂಬ ಹಳದಿ ಹೂವಿನ ಕಳೆ. ಊಟಕ್ಕೆ ಬಂದ ಅಂಕಲ್ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಮನೇಲೆಲ್ಲ ಹುಷಾರೇನಯ್ಯ?" ನಾನು ಹೇಳುತ್ತ ಹೋದೆ. ಅವತ್ತು ಎಲ್ಲರ ಊಟವೂ ಆರಿಹೋಯಿತು.

ಆಮೇಲೆ ಅವರು ಬ್ರಿಸ್ಬೇನಿನ ಮಗಳ ಮನೆಗೆ ಹೋದರು, ಅಲ್ಲಿಯೇ ತೀರಿಕೊಂಡರು. ಈ ವರ್ಷವೂ ನಮ್ಮ ಹಿತ್ತಲಲ್ಲಿ ಕಳೆ ಮೊಣಕಾಲೆತ್ತರ ನಿಂತಿದೆ. ಕೇಳುವವರಿದ್ದರೆ ಹೇಳುತ್ತಿದ್ದೆ: ಮನೇಲೆಲ್ಲ ಹುಷಾರು, ಅಂಕಲ್. ಒಡೆಯ ಸೋಮಾರಿ, ಅಷ್ಟೇ.