ಮೋಟು ತೆಂಗಿನ ಮರದ ಅಂಚೆ ಪೆಟ್ಟಿಗೆ

ತಿಪಟೂರಿನಿಂದ ನಾನೂ ನನ್ನ ನಾದಿನಿ ಶಾರದೆಯೂ ಬೆಳಗಿನ ಬಸ್ಸಿಗೆ ಹೊರಟೆವು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಅದರ ಮೇಲೆ ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಬುತ್ತಿಯಲ್ಲಿ ಚಿತ್ರಾನ್ನವಿತ್ತು. ಮೋಡ ಕವಿದಿತ್ತು, ಆದರೆ ಮಳೆ ಇರಲಿಲ್ಲ. ಹೊರಡುವ ದಿನಕ್ಕೆ ಇಷ್ಟು ಕೊಟ್ಟರೆ ಸಾಕು, ದೇವರನ್ನು ಇನ್ನೇನು ಕೇಳಲಿ?

ಈ ತಿರುಗಾಟಕ್ಕೆ ಕಾರಣ ನನ್ನ ಫೋನು. ಸ್ಕಾಟ್ಲೆಂಡಿನಲ್ಲಿ ಯಾರೋ ಒಬ್ಬಾಕೆ ಹಳ್ಳಿಹಳ್ಳಿ ಸುತ್ತಿ, ಹಳೆಯ ಕೆಂಪು ಅಂಚೆ ಪೆಟ್ಟಿಗೆಗಳನ್ನೂ ಕಲ್ಲಿನ ಸೇತುವೆಗಳನ್ನೂ ಗಡಿಯಾರದ ಗೋಪುರಗಳನ್ನೂ ಫೋಟೋ ತೆಗೆದು ಹಾಕಿದ್ದಳು. ಅವನ್ನು ನೋಡುತ್ತಾ ಒಲೆಯ ಮೇಲಿನ ಹಾಲು ಉಕ್ಕಿಸಿಬಿಟ್ಟೆ. ನಮ್ಮ ಕಡೆಯೂ ಪೆಟ್ಟಿಗೆಗಳಿವೆಯಲ್ಲ ಅನ್ನಿಸಿತು. ತುರುವೇಕೆರೆಗೆ ಮದುವೆಗೆ ಹೋದಾಗ ಒಂದು, ಬಿಳಿಗೆರೆಗೆ ನಾಮಕರಣಕ್ಕೆ ಹೋದಾಗ ಒಂದು, ಹೀಗೆ ತೆಗೆಯುತ್ತಾ ಬಂದೆ. ಬರೀ ಪೆಟ್ಟಿಗೆಗಾಗಿಯೇ ಹೊರಟದ್ದು ಇದೇ ಮೊದಲು.

ಹೊನ್ನವಳ್ಳಿಯಲ್ಲಿ ಇಳಿದು ಮೊದಲು ದೇವರಿಗೆ ಕೈಮುಗಿದೆವು. ಬೀದಿಯ ಪೆಟ್ಟಿಗೆಗೆ ಅಡ್ಡವಾಗಿ ಯಾರದೋ ಮೊಪೆಡ್ಡು ನಿಂತಿತ್ತು. ಹೂ ಮಾರುವಾಕೆ ಎದ್ದು ಬಂದು ಅದನ್ನು ಪಕ್ಕಕ್ಕೆ ತಳ್ಳಿಕೊಟ್ಟಳು.

"ನಂದೂ ಒಂದು ತೆಗೀರಕ್ಕ, ಡಬ್ಬಕ್ಕಿಂತ ನಾನೇ ಹಳಬಳು" ಅಂದಳು. ತೆಗೆದೆ. ಆಕೆಯೇ ಹೇಳಿದ್ದು: "ಹಂದನಕೆರೆ ಕಡೆ ನಮ್ಮ ದೊಡ್ಡವ್ವನ ಊರೈತೆ. ಅಲ್ಲಿ ತಲೆ ಇಲ್ಲದ ತೆಂಗಿನ ಮರಕ್ಕೆ ಪೆಟ್ಟಿಗೆ ಕಟ್ಟವ್ರೆ. ಅದನ್ನ ನೋಡ್ಕೊಂಡು ಬನ್ನಿ."

ಇನ್ನೊಂದು ಬಸ್ಸು, ಆಮೇಲೆ ತಲೆಗೆ ಇಪ್ಪತ್ತು ರೂಪಾಯಿಯ ಆಟೋ. ಊರ ಬಾಗಿಲಲ್ಲೇ ಮರ ಕಂಡಿತು. ಸಿಡಿಲು ಬಡಿದು ಸುಳಿ ಸುಟ್ಟುಹೋಗಿ, ಬರೀ ಬೊಡ್ಡೆ ನಿಂತಿತ್ತು. ಎದೆಯೆತ್ತರದಲ್ಲಿ ತಂತಿಯಿಂದ ಬಿಗಿದ ಕೆಂಪು ಪೆಟ್ಟಿಗೆ, ಅದರ ಮೇಲೆ ಅರಿಶಿನ ಕುಂಕುಮ. ಇಂಥ ಚಿತ್ರ ಸ್ಕಾಟ್ಲೆಂಡಿನವಳ ಹತ್ತಿರವೂ ಇರಲಾರದು ಎಂದು ಹಿಗ್ಗಿದೆ.

ಆದರೆ ಮರ ವಾಲಿತ್ತು, ಅದೂ ಪಕ್ಕದ ಮನೆಯ ಕೊಟ್ಟಿಗೆಯ ಹೆಂಚಿನ ಮೇಲಕ್ಕೇ. ಕೊಟ್ಟಿಗೆ ಖಾಲಿ. ತುಂಬಿದ ಗಬ್ಬದ ಹಸು ಅಂಗಳದಲ್ಲಿ ನಿಂತಿತ್ತು. ಮನೆಯೊಡತಿ ರಂಗಮ್ಮ ನೀರು ತಂದುಕೊಟ್ಟರು.

"ಹಸು ಯಾಕೆ ಹೊರಗೆ ಕಟ್ಟಿದ್ದೀರಿ?" ಅಂದೆ.

"ಇವತ್ತೋ ನಾಳೆಯೋ ಈಯ್ತದೆ ಕಣವ್ವ. ಆ ಮರ ಮೇಲೆ ಬಿದ್ರೆ? ಮೋಡ ಬೇರೆ ಕವ್ಕೊಂಡೈತೆ."

"ಮರ ಕಡಿಸಬಾರದೇ?"

"ಸರ್ಕಾರದ ಪೆಟ್ಟಿಗೆ ಐತಲ್ಲ! ಪೋಸ್ಟ್ ಮೇಷ್ಟ್ರು ದಿನಾ ಬಂದು ಬೀಗ ತೆಗೀತಾರೆ. ಇನ್ನು ಅದು ನಮ್ಮ ಮರ ಹೆಂಗಾಯ್ತದೆ?"

ಶಾರದೆ ನನ್ನ ಮೊಣಕೈ ತಿವಿದಳು. "ಅತ್ತಿಗೆ, ಮೊದಲು ಫೋಟೋ ತಗೊಂಡುಬುಡಿ. ಆಮೇಲೆ ನ್ಯಾಯ ಮಾಡೋಕೆ ಹೋದ್ರೆ ಪೆಟ್ಟಿಗೆ ಅಲ್ಲಿರಲ್ಲ."

ತೆಗೆದುಕೊಂಡು ಮೇಷ್ಟ್ರ ಮನೆಗೆ ನಡೆದೆವು. ಮುಂದಿನ ಕೋಣೆಯೇ ಅಂಚೆ ಕಚೇರಿ. ವಿಷಯ ಹೇಳಿದರೆ ಅವರು ಕನ್ನಡಕ ತೆಗೆದು ಕೂತುಬಿಟ್ಟರು.

"ಮರ ಅವ್ರದೇ ಕಣಮ್ಮ! ವಾಲಿರೋದು ನಂಗೂ ಕಾಣ್ತದೆ. ಆದ್ರೆ ಆಯಮ್ಮ ದಿನಾ ಪೆಟ್ಟಿಗೆಗೆ ಕುಂಕುಮ ಇಡ್ತಾರೆ. ದೇವರು ಮಾಡ್ಕೊಂಡವ್ರೆ, ನಾನ್ಯಾಕೆ ಕಿತ್ತು ಅವ್ರ ಮನಸ್ಸು ನೋಯಿಸ್ಲಿ ಅಂತ ಸುಮ್ಕಿದ್ದೆ."

ಮೇಲಿನವರನ್ನು ಫೋನಿನಲ್ಲಿ ಒಂದು ಮಾತು ಕೇಳಿ, ತಂತಿ ಬಿಚ್ಚುವ ಇಕ್ಕಳ ಹಿಡಿದು ನಮ್ಮ ಜೊತೆಗೇ ಬಂದರು. ಮೇಷ್ಟ್ರು ಸುಮ್ಮನಿದ್ದ ಕಾರಣ ಕೇಳಿ ರಂಗಮ್ಮ ತಲೆ ಚಚ್ಚಿಕೊಂಡರು. "ಅಯ್ಯೋ, ನಾನು ಕುಂಕುಮ ಇಟ್ಟಿದ್ದು ಮರಕ್ಕೆ! ನನ್ನ ಹಸು ಮೇಲೆ ಬೀಳಬೇಡ ಕಣಪ್ಪ ಅಂತ. ಪೆಟ್ಟಿಗೆ ಅಡ್ಡ ಬಂದ್ರೆ ನಾನೇನ್ ಮಾಡ್ಲಿ?"

"ದಿನಾ ಇವ್ರ ಮನೇಲಿ ನೀರು ಕುಡೀತೀನಿ," ಮೇಷ್ಟ್ರು ಶಾರದೆಗೆ ಹೇಳಿದರು, "ಮಳೆ ಬೆಳೆ ಎಲ್ಲ ಮಾತಾಡ್ತೀವಿ. ಇದೊಂದು ಬುಟ್ಟು."

ತಂತಿ ಬಿಚ್ಚಿದರು. ಪಕ್ಕದ ತೋಟದಲ್ಲಿ ಕಾಯಿ ಕೆಡವುತ್ತಿದ್ದವರು ಹಗ್ಗ, ಗರಗಸ ತಂದರು. ಹಗ್ಗವನ್ನು ಮೇಲೆ ಕಟ್ಟಿ ರಸ್ತೆಯಾಚೆಯ ಬಯಲಿನ ಕಡೆ ಎಳೆದು ಹಿಡಿದು, ಬುಡ ಕೊಯ್ದರು. ಮರ ಒಂದು ಸಲ ಕೊಟ್ಟಿಗೆಯ ಕಡೆಗೇ ತೂಗಿತು. ರಂಗಮ್ಮ ಹಸುವಿನ ಕೊರಳು ತಬ್ಬಿ ಕಣ್ಣು ಮುಚ್ಚಿದರು. ನಾನು ಮನೆದೇವರ ಹೆಸರು ಹೇಳಿಕೊಂಡೆ. ಶಾರದೆ ಸೆರಗು ಸಿಕ್ಕಿಸಿ ಹಗ್ಗಕ್ಕೆ ಕೈ ಹಾಕಿದಳು, ಮೇಷ್ಟ್ರೂ ಹಾಕಿದರು. ಮರ ಬಯಲಿಗೆ ಬಿತ್ತು. ಒಂದು ಹೆಂಚೂ ಅಲುಗಲಿಲ್ಲ.

ಮೇಷ್ಟ್ರು ಪೆಟ್ಟಿಗೆಯನ್ನು ರಂಗಮ್ಮನ ಮನೆಯ ಬೀದಿಗೋಡೆಗೆ ತೂಗುಹಾಕಿದರು. ನಾನು ಫೋನು ಎತ್ತುವಷ್ಟರಲ್ಲಿ ರಂಗಮ್ಮ ಕುಂಕುಮದ ಬಟ್ಟಲು ತಂದು ಅದಕ್ಕೆ ಬೊಟ್ಟಿಟ್ಟರು.

"ಈಗ ಮರವೇ ಇಲ್ವಲ್ಲ, ಇದ್ಯಾಕೆ ಮತ್ತೆ?" ಮೇಷ್ಟ್ರು ಗದರಿದರು.

"ಈ ಸಲ ಪೆಟ್ಟಿಗೆಗೇ ಕಣ್ರೀ. ಇದಿಲ್ದಿದ್ರೆ ಈ ಅಕ್ಕದೀರು ನಮ್ಮ ಬಾಗಿಲಿಗೆ ಬತ್ತಿದ್ರಾ?"

ಆಟೋ ಹತ್ತುವಾಗ ಹನಿ ಶುರುವಾಯಿತು. ತಿರುಗಿ ನೋಡಿದೆ. ರಂಗಮ್ಮ ಹಸುವನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಅದು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಮೂಸಿ, ಒಳಕ್ಕೆ ಹೋಯಿತು.